ಲಗಮಪ್ಪ ಬಿಟ್ಟುಹೋದ ಕಾಡತೂಸು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಗೋಕಾಕಕ್ಕೆ ಕರೆಂಟು ಬಂದ ಹೊಸದರಲ್ಲಿ ನಾನು ಲೋಹ ಕಡೆಯುವ ಲೇಥಿನ ಅಂಗಡಿ ಇಟ್ಟಿದ್ದೆ. ಕಾಡುಹಂದಿಗಳಿಂದ ಕಬ್ಬು ಕಾಯುವ ರೈತರು ಹಾರಿಸಿದ ಕಾಡತೂಸಿನ ಹಿತ್ತಾಳೆ ಕೊಳವೆಗಳನ್ನು ತರುತ್ತಿದ್ದರು. ಗುಂಡು ಹಾರಿದಾಗಲೆಲ್ಲ ಕೊಳವೆ ಕೂದಲೆಳೆಯಷ್ಟು ಉದ್ದವಾಗುತ್ತದೆ. ಲೇಥಿನಲ್ಲಿ ಬಾಯಿಯ ಅಂಚು ಸವರಿ ಅಳತೆಗೆ ತಂದರೆ ಮತ್ತೆ ಮದ್ದು ತುಂಬಬಹುದು.

ಮಮದಾಪುರದ ಲಗಮಪ್ಪ ಮಾತ್ರ ಕೆಲಸ ಮುಗಿದರೂ ಕೂತು ಮಾತಾಡುತ್ತಿದ್ದ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನಗಿದ್ದ ಮಾತು ಅಷ್ಟೇ. ಒಂದು ಸಂತೆಯ ದಿನ, ಸವರಿದ ಕೊಳವೆಯೊಂದನ್ನು ಬೇಕೆಂದೇ ಬಿಟ್ಟು ಎದ್ದ.

"ಇದೊಂದು ನಿಮ್ಮ ಕಡೆ ಇರ್ಲಿ ಬಿಡ್ರಿ ಕಾಕಾ. ಬರಾಕ ಏನರ ನೆವ ಬೇಕಲ್ರಿ."

ಅದೇ ವಾರ ಜ್ವರ ಬಂದು ತೀರಿಹೋದ. ಬಂದೂಕನ್ನು ಅವನ ಹೆಂಡತಿ ಸೀತವ್ವ ಪೊಲೀಸ್ ಠಾಣೆಗೆ ಒಪ್ಪಿಸಿದಳು.

ಮುಂದಿನ ಸಂತೆಯ ದಿನ ಮಟಮಟ ಮಧ್ಯಾಹ್ನ, ಬೇಸರಕ್ಕೆ ಆ ಕೊಳವೆಯನ್ನು ಅಳೆದು ನೋಡಿದೆ. ಕೂದಲೆಳೆಯಷ್ಟು ಬೆಳೆದಿತ್ತು. ಬಾಯಿಗೆ ಮಸಿ ಹತ್ತಿತ್ತು, ಸುಟ್ಟ ಮದ್ದಿನ ವಾಸನೆ ಬರುತ್ತಿತ್ತು.

ಬಂದೂಕನ್ನು ಯಾರಾದರೂ ಹಾರಿಸಿದರೇ ಎಂದು ಸೀತವ್ವನನ್ನು ಕೇಳಿದೆ. "ಬಂದೂಕ ಠಾಣಾದಾಗ ಐತ್ರಿ. ಕೀಲಿ ಹಾಕ್ಯಾರ," ಎಂದಳು.

ಮೋಟಾರು ಚಾಲೂ ಮಾಡಿ ಕೊಳವೆಯನ್ನು ಸವರಿ, ಒರೆಸಿ, ಅವನು ಕೂರುತ್ತಿದ್ದ ಸ್ಟೂಲಿನ ಮೇಲಿಟ್ಟೆ. ಬರಲು ಅವನಿಗೂ ನೆವ ಬೇಕಲ್ಲ.

ಮರುಸಂತೆಗೆ ಅಂಗಡಿಯ ಬಾಗಿಲು ತೆಗೆದಾಗ ಅದು ಮತ್ತೆ ಬೆಳೆದಿತ್ತು. ಮುಟ್ಟಿದರೆ ಇನ್ನೂ ಬಿಸಿಯಿತ್ತು.