ಪಿನ್ನಿನಲ್ಲಿ ಸಿಕ್ಕಿಸಿದ ದವಡೆ

ಉಗುರು ಹಾಕಿ ಎಬ್ಬಿಸಿದರೂ ಚಾರ್ಟಿನಿಂದ ಆ ದವಡೆಯ ಚಿತ್ರ ಏಳಲಿಲ್ಲ. ವನಿತಾ ಚೂರು ನೀರು ಸವರಿ ಮತ್ತೆ ಎಳೆದಳು. ಚಿತ್ರ ಬಂತು. ಜೊತೆಗೆ ಚಾರ್ಟಿನ ಒಂದು ಪದರವೂ ಕಿತ್ತು ಬಂತು.

ನಾಳೆ ಕಾರಿಮಂಗಲಂನಲ್ಲಿ ಸೈನ್ಸ್ ಎಕ್ಸಿಬಿಷನ್. ವಾರವೆಲ್ಲ ನೆಲದ ಮೇಲೆ ಕೂತು ಅವಳು ಮನುಷ್ಯರ ವಂಶದ ಮರ ಬರೆದಿದ್ದಳು. ಇವತ್ತು ಸುಗುಣಾ ಟೀಚರ್ ಅದನ್ನು ನೋಡಿ ಒಂದು ಕೊಂಬೆಯ ಮೇಲೆ ಬೆರಳಿಟ್ಟರು. ಕೋಟಿ ವರ್ಷ ಹಿಂದಿನ ವಾನರ ರಾಮಾಪಿಥೆಕಸ್ ಇಲ್ಲಿರಬಾರದು ಅಂದರು.

ಮೊದಲು ಸಿಕ್ಕಿದ್ದು ದವಡೆಯ ತುಂಡು ಮಾತ್ರವಂತೆ. ಅದನ್ನು ನೋಡಿ ವಿಜ್ಞಾನಿಗಳು ಮನುಷ್ಯರ ಕಡೆಯದು ಅಂದುಕೊಂಡರಂತೆ. ಆಮೇಲೆ ಇನ್ನಷ್ಟು ಮೂಳೆ, ಮುಖದ ಭಾಗ ಸಿಕ್ಕಿದಾಗ, ಒರಾಂಗುಟಾನ್ ಕಡೆಗೆ ಸೇರಿಸಿದರಂತೆ. ಹೆಸರೂ ಈಗ ಶಿವಾಪಿಥೆಕಸ್. ವನಿತಾ ನೋಡಿ ಬರೆದ ಲೈಬ್ರರಿ ಪುಸ್ತಕ ತೀರಾ ಹಳೆಯದು. ಸರಿ ಮಾಡಿ ತಂದರೆ ಮಾತ್ರ ಅವಳ ಚಾರ್ಟ್ ನಾಳೆ ವ್ಯಾನ್ ಹತ್ತುತ್ತದೆ.

"ಏನಕ್ಕಾ, ರಾಮಾಪಿಥೆಕಸ್‌ಗೆ ಟಿಸಿ ಕೊಟ್ಬುಟ್ರಾ?" ತಮ್ಮ ಕೇಶವ ಇಣುಕಿದ.

ವನಿತಾಗೆ ನಗುವಷ್ಟೂ ಶಕ್ತಿ ಇರಲಿಲ್ಲ. "ಒಂದ್ಸಲಕ್ಕೇ ಸರಿಯಾಗಿ ಯೇಳಕ್ಕಾಗಲ್ವಾ ಆ ವಿಜ್ಞಾನಿಗಳ್ಗೆ?" ಅಂದು ಗೋಡೆಗೆ ಒರಗಿದಳು.

"ಅಮ್ಮಿ, ಸೀಕ್ರಂ ಬಾ," ಕುರಿ ದೊಡ್ಡಿಯಿಂದ ಅಜ್ಜಿ ಸಣ್ಣಕ್ಕ ಅವಸರದಲ್ಲಿ ಕರೆದಳು.

ಮೂರು ದಿನದ ಹಿಂದೆ ಮಳೆಯಲ್ಲಿ ಬಯಲಲ್ಲೇ ಎರಡು ಕುರಿ ಈದಿದ್ದವು. ಅಪ್ಪ ಎರಡೂ ಮರಿಗಳನ್ನು ಒಂದೇ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಒಂದು ಉಳಿಯಲಿಲ್ಲ. ಉಳಿದದ್ದರ ಹಣೆಯಲ್ಲಿ ಬಿಳಿ ಬೊಟ್ಟಿತ್ತು. ಎರಡು ಕುರಿಗಳಲ್ಲಿ ಒಂದಕ್ಕೂ ಬಿಳಿ ಬೊಟ್ಟಿತ್ತು. ಮರಿ ಅದರದ್ದೇ ಅಂತ ಎಲ್ಲರೂ ಅಂದುಕೊಂಡರು. ಗುರುತಿಗೆ ತಾಯಿಗೂ ಮರಿಗೂ ವನಿತಾಳೇ ಕೆಂಪು ದಾರ ಕಟ್ಟಿದ್ದಳು. ಇನ್ನೊಂದು ಕರಿ ಕುರಿಗೆ ಜ್ವರ. ಅದನ್ನು ಮನೆ ಹಿಂದೆ ಬೇರೆಯಾಗಿ ಬಿಟ್ಟಿದ್ದರು.

ಬೊಟ್ಟಿನ ಕುರಿ ಮಾತ್ರ ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಜ್ಜಿ ಕೊರಳು ಹಿಡಿದು, ವನಿತಾ ಕಾಲು ಹಿಡಿದು ಹಾಲು ಕುಡಿಸಬೇಕು. ಒದೆ ತಿಂದು ತಿಂದು ವನಿತಾಳ ಮೊಣಕೈ ನೀಲಿಯಾಗಿತ್ತು. ಮರಿ ದಿನಕ್ಕಷ್ಟು ಸೊರಗುತ್ತಿತ್ತು.

ಇವತ್ತೂ ಕುರಿ ಒದೆಯಿತು. ಮರಿ ಉರುಳಿ ಬಿದ್ದು, ಎದ್ದು, ತೂರಾಡುತ್ತಾ ದೊಡ್ಡಿಯ ಬಾಗಿಲು ದಾಟಿತು. ಅಲ್ಲಿ ಕರಿ ಕುರಿ ಮನೆ ಹಿಂದಿನಿಂದ ಬಂದು ನಿಂತಿತ್ತು. ಅದು ಮರಿಯ ಬಾಲದ ಹತ್ತಿರ ಮೂಸಿತು. ಗಂಟಲಲ್ಲೇ ಏನೋ ಸದ್ದು ಮಾಡಿತು. ಮರಿ ಅದರ ಹೊಟ್ಟೆಯಡಿ ನುಗ್ಗಿ, ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯತೊಡಗಿತು. ಕಾಲು ಹಿಡಿಯಲು ಯಾರೂ ಬೇಕಾಗಲಿಲ್ಲ.

ಅಜ್ಜಿ ಮೆಲ್ಲಗೆ ಕಲ್ಲಿನ ಮೇಲೆ ಕೂತಳು. "ಇದರ ಮರಿ ಕಣಮ್ಮಿ ಇದು. ನಾನು ಹಣೆ ನೋಡ್ಬುಟ್ಟು ಅದರದ್ದು ಅಂದ್ನಲ್ಲ. ಆ ದಾರ ಬಿಚ್ಚು."

ದಾರ ಬಿಚ್ಚಲು ಬರಲಿಲ್ಲ. ಗಂಟಿನ ಮೇಲೆ ಗಂಟು. ವನಿತಾ ಹಲ್ಲಲ್ಲಿ ಕಚ್ಚಿ ಎಳೆದಳು. ಬಾಯಿ ತುಂಬ ಉಣ್ಣೆ.

"ಇಷ್ಟು ಬಿಗಿಯಾಗಿ ಯಾರ್ ಕಟ್ಟಿದ್ದು?"

"ನಾನೇ ಅಜ್ಜಿ."

ಅಜ್ಜಿ ಸುಸ್ತಿನಲ್ಲೇ ನಕ್ಕಳು.

ವನಿತಾ ಒಳಗೆ ಬಂದು ಕೈ ತೊಳೆದಳು. ಕಿತ್ತುಹೋದ ಜಾಗಕ್ಕೆ ಬಿಳಿ ಕಾಗದ ಅಂಟಿಸಿದಳು. ಒರಾಂಗುಟಾನ್ ಪಕ್ಕ ಹೊಸದೊಂದು ಕೊಂಬೆ ಬರೆದಳು. ಹೊಸ ಹೆಸರು ಬರೆದಳು. ದವಡೆಯ ಚಿತ್ರದ ಹಿಂದೆ ಗಮ್ ಹಚ್ಚಲು ಹೋದವಳು ಅಲ್ಲಿ ಅಂಟಿಕೊಂಡಿದ್ದ ಚಾರ್ಟಿನ ಪದರ ನೋಡಿ ಕೈ ಹಿಂದೆ ತೆಗೆದಳು. ಆಮೇಲೆ ಗಮ್ ಬಾಟಲಿಯ ಮುಚ್ಚಳ ಹಾಕಿ, ಅಜ್ಜಿಯ ಪಿನ್ನಿನ ಡಬ್ಬಿ ತಂದು ಒಂದು ಗುಂಡುಪಿನ್ ತೆಗೆದಳು.

"ಗಮ್ ಖಾಲಿ ಆಗೋಯ್ತಾ?" ಕೇಶವ ಕೇಳಿದ.

"ಇಲ್ಲ, ಐತೆ."

ವನಿತಾ ದವಡೆಯನ್ನು ಹೊಸ ಕೊಂಬೆಗೆ ಪಿನ್ ಚುಚ್ಚಿ ನಿಲ್ಲಿಸಿದಳು. ಮಿಕ್ಕ ಕೊಂಬೆಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಪಿನ್ನಿನ ಡಬ್ಬಿಯನ್ನು ನಾಳೆಯ ಬ್ಯಾಗಿನೊಳಗೆ ಇಟ್ಟುಕೊಂಡಳು.