ಎರಡನೇ ದಿನದ ದಾರಿ

ಜ್ಞಾನೇಶ್ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೊಂದು ತೆಂಗಿನಕಾಯಿ.

ಶುಕ್ರವಾರ, ಬೆಳಗ್ಗೆ ಆರೂವರೆ. ಹೊನ್ನವಳ್ಳಿಯ ಆಚೆ ಪರಮಶಿವಯ್ಯನವರ ತೋಟ. ರಾತ್ರಿಯೆಲ್ಲ ಹೊಯ್ದ ಮಳೆ ಆಗತಾನೇ ನಿಂತಿತ್ತು. ಕ್ಯಾಲೆಂಡರಿನಲ್ಲಿ ಮೇ ತಿಂಗಳು. ಆದರೆ ಹದಿನೈದು ದಿನದಿಂದ ಯಾರೂ ಬಿಸಿಲಿನ ಮುಖ ಕಂಡಿರಲಿಲ್ಲ.

ಕೃಷ್ಣಕುಮಾರ್ ಏನನ್ನೂ ಮುಟ್ಟಲಿಲ್ಲ. ಮಂಡಿಯೂರಿ ಕೂತು ಎರಡು ಸಲ ಹೆಸರು ಹಿಡಿದು ಕೂಗಿದ. ಆಮೇಲೆ ಫೋನು ತೆಗೆದ.

ಜ್ಞಾನೇಶನದು ತಿಪಟೂರಿನಲ್ಲಿ ಝೆರಾಕ್ಸ್ ಅಂಗಡಿ. ಮನುಷ್ಯನಿಗೆ ನಡೆಯುವ ಹುಚ್ಚು. ಶನಿವಾರದಿಂದ ನಾಲ್ಕು ದಿನ, ಹದಿನೆಂಟು ಜನ, ಬೆನ್ನಿಗೆ ಚೀಲ ಕಟ್ಟಿಕೊಂಡು ಹೊನ್ನವಳ್ಳಿಯಿಂದ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನವರೆಗೆ ನಡೆಯುವುದೆಂದು ಗೊತ್ತು ಮಾಡಿದ್ದ. ದಾರಿ ತೋರಿಸುವವನು ಕೃಷ್ಣಕುಮಾರ್. ಆ ಗುಡ್ಡದ ಬುಡದ ಹಟ್ಟಿಯಲ್ಲಿ ಹುಟ್ಟಿ, ಕುರಿ ಕಾಯ್ದು, ಈಗ ತಿಪಟೂರಿನ ಮಂಡಿಯಲ್ಲಿ ಕಾಯಿ ಸುಲಿಯುವವನು. ಹಿಂದಿನ ದಿನ ಮಧ್ಯಾಹ್ನ ಇದೇ ತೋಟದ ಮನೆಯಲ್ಲಿ ಕೊನೇ ಮೀಟಿಂಗು ನಡೆದಿತ್ತು. ರಾತ್ರಿ ಜ್ಞಾನೇಶ್ ಫೋನ್ ಎತ್ತಲಿಲ್ಲ. ಬೆಳಗ್ಗೆ ಹುಡುಕಿಕೊಂಡು ಬಂದರೆ ಅವನ ಬೈಕು ಇನ್ನೂ ರಸ್ತೆಬದಿಯಲ್ಲೇ ನಿಂತಿತ್ತು.

ಒಂದು ಗಂಟೆಯೊಳಗೆ ಪೊಲೀಸರು ಬಂದರು. ಸಬ್ ಇನ್ಸ್‌ಪೆಕ್ಟರ್ ತೋಂಟದಾರ್ಯ ಗದಗದ ಕಡೆಯವರು. ಇಲ್ಲಿಗೆ ಬಂದು ಎರಡೇ ತಿಂಗಳು. ಕೈಗೆ ಗ್ಲೌಸ್ ಹಾಕಿ, ಯಾರಿಗೂ ಮುಟ್ಟಗೊಡದೆ ತಾವೇ ಆ ಕಾಯಿಯನ್ನು ಕವರಿಗೆ ಹಾಕಿದರು. ಕತ್ತೆತ್ತಿ ಮರ ನೋಡಿದರು.

“ಕಾಯಿ ತಲಿ ಮ್ಯಾಲೆ ಬಿದ್ದದ. ಪಾಪ.”

“ತಾನಾಗೇ ಬಿದ್ದಿದ್ದಲ್ಲ ಸಾರ್.”

ಮುಂದೆ ಬಂದವನು ಮೋಕ್ಷಿತ್. ಪರಮಶಿವಯ್ಯನವರ ತಮ್ಮನ ಮಗ, ಎರಡು ಟಿಪ್ಪರ್ ಲಾರಿಗಳ ಮಾಲೀಕ. ನಡಿಗೆಯವರಿಗೆ ದಿನಸಿ ಸಾಗಿಸುತ್ತೇನೆಂದು ಒಪ್ಪಿಕೊಂಡಿದ್ದವನು.

“ನಾನು ನಿನ್ನೆ ಸಂಜೆ ಐದೂವರೆಗೆ ಇಲ್ಲಿಂದ ಹೊರಟೆ. ಆಗ ಗೊಲ್ಲರಪ್ಪ ಇದೇ ಸಾಲಲ್ಲಿ ದೋಟಿ ಹಿಡ್ಕೊಂಡು ಕಾಯಿ ಕೆಡವ್ತಿದ್ದ. ಕೆಳಗೆ ಜನ ಇದಾರೋ ಇಲ್ವೋ ಅಂತ ಅವನು ಯಾವತ್ತು ನೋಡಿದಾನೆ?”

ಗೊಲ್ಲರಪ್ಪ ಕೃಷ್ಣಕುಮಾರನ ಅಪ್ಪ. ಮೂವತ್ತು ವರ್ಷದಿಂದ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ ದೋಟಿ ಹಿಡಿದು ಈ ಸೀಮೆಯ ಮರಗಳಿಂದ ಕಾಯಿ ಕೆಡವುತ್ತ ಬಂದವನು.

“ಬಾಯಿ ಮುಚ್ಚಲೇ ಮೋಕ್ಷಿ! ನಮ್ಮಪ್ಪ ನಾಕಕ್ಕೇ ಕೆಲ್ಸ ಮುಗ್ಸಿ, ಬಿದ್ದ ಕಾಯೆಲ್ಲ ಆರ್ಸಿ, ಟ್ರ್ಯಾಕ್ಟರ್ ಜೊತೇಲೇ ಹೋದ.”

“ಮತ್ತೆ ಬಂದಿದ್ದ ಕಣ್ಲಾ. ಹೋಗಿ ಕೇಳು.”

ಕೇಳಿದರೆ ಅದು ನಿಜವೇ. “ದೋಟಿ ಮರ್ತಿದ್ದೆ ಸ್ವಾಮಿ, ತಗೊಂಡು ಹೋದೆ. ಒಂದು ಕಾಯೂ ಮುಟ್ನಿಲ್ಲ,” ಎಂದ ಗೊಲ್ಲರಪ್ಪ. ಅಷ್ಟು ಹೊತ್ತಿಗೆ ಅವನ ಭುಜದ ಮೇಲೆ ಪೇದೆಯ ಕೈ ಬಿದ್ದಾಗಿತ್ತು. ಊರು ನೋಡುತ್ತಿದ್ದಂತೆ ಅವನನ್ನು ಜೀಪು ಹತ್ತಿಸಿದರು.

ಯಾರೇ ಸತ್ತರೂ ಮೊದಲು ಕೂಲಿಯವನ ಕೊರಳಪಟ್ಟಿ ಹಿಡಿಯಬೇಕೆಂದು ಯಾವ ಪುಸ್ತಕದಲ್ಲಿ ಬರೆದಿದ್ದಾರೋ! ಮೂರನೇ ಕ್ಲಾಸಿಗೇ ಪುಸ್ತಕ ಬಿಟ್ಟ ಕೃಷ್ಣಕುಮಾರನಿಗೆ ಅದು ಗೊತ್ತಿರಲಿಲ್ಲ. ಬೈಕು ಹತ್ತಿ ಜೀಪಿನ ಹಿಂದೆ ಹೊರಟ.

* * *

“ನಿರ್ಲಕ್ಷ್ಯದಿಂದ ಆದ ಸಾವು. ಸಂಜಿಕ್ಕ ಕೋರ್ಟಿಗೆ ಕರಕೊಂಡು ಹೋಗ್ತೀವಿ,” ಎಂದರು ತೋಂಟದಾರ್ಯ. “ಮೊದಲ ಹೆಣ ಕಂಡಾಂವ ನೀನ. ಮಹಜರಿಗೆ ಸಹಿ ಮಾಡು. ಕಾಯಿ ಇದ ಅಲ್ಲೇನು, ನೋಡಿ ಹೇಳು.”

ಸಹಿ ಬಿದ್ದರೆ ಮುಗಿಯಿತು. ಮನುಷ್ಯನನ್ನು ಕೊಂದ ದೋಟಿಯನ್ನು ಯಾವ ತೋಟದವರೂ ಕರೆಯುವುದಿಲ್ಲ. ಜೈಲಿಗಿಂತ ಅಪ್ಪನನ್ನು ಅದು ಬೇಗ ಕೊಲ್ಲುತ್ತದೆ.

ಕೃಷ್ಣಕುಮಾರ್ ಕವರನ್ನು ಎತ್ತಿದ. ಎತ್ತಿದವನು ಹಾಗೇ ನಿಂತ.

ದಿನಕ್ಕೆ ಸಾವಿರ ಕಾಯಿ ಸುಲಿಯುವ ಕೈ ಅದು. ತಕ್ಕಡಿಗೆ ತಿಳಿಯುವ ಮೊದಲೇ ಆ ಕೈಗೆ ತೂಕ ತಿಳಿಯುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಒಳಗೆ ನೀರಿಲ್ಲ. ಏನೋ ಗಟ್ಟಿಯಾದದ್ದು ಗೊಟಗೊಟ ಎಂದು ಚಿಪ್ಪಿಗೆ ಬಡಿಯಿತು.

“ಸಾರ್, ಇದು ಮರದಿಂದ ಬಿದ್ದ ಕಾಯಲ್ಲ.”

“ಮತ್ತೇನು ಆಕಾಶದಿಂದ ಬಿತ್ತೇನು?”

“ಮರದ ಕಾಯೊಳಗೆ ನೀರಿರ್ತದೆ ಸಾರ್. ಇದು ಅಟ್ಟದ ಕಾಯಿ. ಕೊಬ್ಬರಿ ಆಗ್ಲಿ ಅಂತ ಸಿಪ್ಪೆ ಸುಲೀದೆ, ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮ್ಯಾಲೆ ಇಟ್ಟಿರ್ತಾರೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಆಗಿ ಕೂತಿರ್ತದೆ. ಅಲುಗಿಸಿ ನೋಡಿ.”

ತೋಂಟದಾರ್ಯ ಹೆಡ್ ಕಾನ್‌ಸ್ಟೇಬಲ್ ಕಡೆ ನೋಡಿದರು. ಚಿಕ್ಕಹನುಮಯ್ಯ ತೆಂಗಿನ ಸೀಮೆ ತುರುವೇಕೆರೆಯವನು. ಕವರು ಕೈಗೆ ಬಂದದ್ದೇ ಅವನೂ ಕಿವಿಗೆ ಹಿಡಿದು ಅಲುಗಿಸಿದ. ಮುಖ ಪೆಚ್ಚಾಯಿತು.

“ಹೌದು ಸಾರ್. ಕೊಬ್ಬರಿ. ತಾವು ಮುಟ್ಟಕ್ಕೇ ಬಿಡ್ಲಿಲ್ವಲ್ಲ...”

“ನಮ್ಮ ಕಡೆ ಜ್ವಾಳ ಬೆಳೀತೀವಪಾ,” ಎಂದರು ತೋಂಟದಾರ್ಯ. ಆದರೆ ಮನುಷ್ಯ ಹಟಮಾರಿಯಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿದರು. ಇಟ್ಟ ಮೇಲೆ ದನಿ ಬದಲಾಗಿತ್ತು.

“ಗಾಯ ದುಂಡಗಿಲ್ಲಂತ. ಉದ್ದಕ್ಕ ಅದ. ಕಬ್ಬಿಣದ ರಾಡಿನ ಏಟು ಇದ್ದಂಗದ ಅಂತಾರ ಡಾಕ್ಟರ್.”

ಕೃಷ್ಣಕುಮಾರ್ ಕಾಯಿಯನ್ನು ತಿರುಗಿಸಿ ನೋಡುತ್ತಿದ್ದ. ಮಳೆಯಲ್ಲಿ ನೆಂದ ಮಟ್ಟೆ ಶುದ್ಧವಾಗಿತ್ತು. ತೊಟ್ಟಿನ ಗುಳಿಯೊಳಗೆ ಮಾತ್ರ ಕಪ್ಪಗೆ ಮಸಿ. ಕವರಿನ ಬಾಯಿ ಬಿಡಿಸಿ ಮೂಸಿದ. ಹೊಗೆ.

“ಸಾರ್, ಬ್ಯಾಸಗೇಲಿ ಅಟ್ಟಕ್ಕೆ ಯಾರೂ ಹೊಗೆ ಹಾಕಲ್ಲ. ಬಿಸ್ಲಿಗೇ ಒಣಗ್ತದೆ. ಈ ಮಳೆಗೆ ಯಾರೋ ಹಾಕಿದಾರೆ.”

* * *

ಯಾರು ಎಂದು ಹುಡುಕಬೇಕಾಗಲಿಲ್ಲ. ತೋಟದ ಮನೆಯ ಬಾಗಿಲಲ್ಲೇ ಕಣ್ಣು ಉರಿಯಿತು.

“ಸೋಮವಾರದಿಂದ ಚಿಪ್ಪಿನ ಹೊಗೆ ಹಾಕಿದೀವಿ ಕಣಪ್ಪ. ಇಲ್ದಿದ್ರೆ ಬೂಸಲು ಹಿಡ್ಕೊಂಡು ಕೊಬ್ಬರಿಯೆಲ್ಲ ತಿಪ್ಪೆಗೆ,” ಎಂದರು ಪರಮಶಿವಯ್ಯನವರ ಹೆಂಡತಿ ಗಿರಿಜಾಂಬಿಕಾ.

ಏಣಿ ಹತ್ತಿ ನೋಡಿದರೆ ಅಟ್ಟದ ತುಂಬ ಕಾಯಿ. ಎಲ್ಲದರ ಮೇಲೂ ಮಸಿ. ಏಣಿಯ ಪಕ್ಕದ ರಾಶಿಯಲ್ಲಿ ಒಂದು ಕಾಯಿಯಷ್ಟು ಗುಂಡಿ.

ತೋಂಟದಾರ್ಯ ಪರಮಶಿವಯ್ಯನವರ ಕಡೆ ತಿರುಗಿದರು. “ನಿನ್ನೆ ಜ್ಞಾನೇಶ್ ಜೊತೆ ನಿಮ್ಮದು ಜಗಳ ಆತಂತಲ್ಲ?”

“ಜಗಳ ಅಲ್ಲ ಸ್ವಾಮಿ, ಬೈದೆ. ಈ ಮಳೇಲಿ ಕಂಡೋರ ಮಕ್ಕಳನ್ನ ಗುಡ್ಡ ಹತ್ತಿಸ್ಬೇಡ, ಮುಂದಕ್ಕೆ ಹಾಕು ಅಂದೆ. ಕೇಳ್ನಿಲ್ಲ.”

“ನಿಮ್ಮ ತೋಟ. ನಿಮ್ಮ ಅಟ್ಟ. ಇದು ನಿಮ್ಮ ಕಾಯಿ.” ಕವರನ್ನು ಮುದುಕರ ಕೈಗೆ ಇಟ್ಟರು.

ಪರಮಶಿವಯ್ಯ ಅದನ್ನು ಕಿವಿಗೆ ಹಿಡಿದು ಅಲುಗಿಸಿದರು. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. “ಅಟ್ಟದ್ದೇ. ಇನ್ನು ಎಂಟು ದಿನಕ್ಕೆ ಒಡೀಬೌದು. ಎಲ್ಲಿ ಸಿಕ್ತು ಇದು?”

“ಹೆಣದ ಪಕ್ಕ.”

ಮುದುಕರು ಕವರನ್ನು ಜಗಲಿಯ ಮೇಲೆ ಇಟ್ಟುಬಿಟ್ಟರು.

ಕೃಷ್ಣಕುಮಾರ್ ತೋಂಟದಾರ್ಯರನ್ನು ಜಗಲಿಯ ಆ ಬದಿಗೆ ಕರೆದ. “ಸಾರ್, ಇವರಲ್ಲ. ಮಂಡಿ ನೋವು ಬಂದು ಎರಡು ವರ್ಷ ಆಯ್ತು, ಏಣಿ ಹತ್ತಲ್ಲ. ಅದು ಹೋಗ್ಲಿ. ಕಾಯಿ ಜೊತೇಲೇ ಮುದುಕರಾದವರು ಅಟ್ಟದ ಕಾಯಿ ತಗೊಂಡು ಮರದ ಕಾಯಿ ಅಂತ ಇಡ್ತಾರಾ? ಇಟ್ಟೋನು ಕೊಬ್ಬರಿ ತಿಂದಿದಾನೆ, ಕಾಯಿ ಹೊತ್ತಿಲ್ಲ.”

“ಅಟ್ಟದ್ದ ಯಾಕ ತಗೊಂಡ? ಕೆಳಗ ಬಿದ್ದದ್ದು ತಗೋಬಹುದಿತ್ತಲ್ಲ?”

“ಎಲ್ಲಿತ್ತು ಸಾರ್? ನಾಕು ಗಂಟೆಗೇ ನಮ್ಮಪ್ಪ ತೋಟ ಬರಿದು ಮಾಡಿದ್ದ. ನೆಲದ ಮ್ಯಾಲೆ ಒಂದು ಕಾಯೂ ಇರ್ಲಿಲ್ಲ.”

ತೋಂಟದಾರ್ಯ ನೋಟ್‌ಬುಕ್ಕು ತೆಗೆದರು. “ಕೊನೀಗೆ ಮನ್ಯಾಗ ಯಾರ್ಯಾರು ಇದ್ದರು?”

“ಐದಕ್ಕೆ ನಾನು, ನಡಿಗೆ ಲೆಕ್ಕಪತ್ರ ನೋಡ್ಕೊಳ್ಳೋ ಹುಡುಗಿ ನಿಸರ್ಗಳನ್ನ ಬೈಕಲ್ಲಿ ಕೂರಿಸ್ಕೊಂಡು ತಿಪಟೂರಿಗೆ ಹೋದೆ. ಉಳಿದದ್ದು ಜ್ಞಾನೇಶ್, ಯಜಮಾನ್ರು, ಅಮ್ಮಾವ್ರು, ಮೋಕ್ಷಿತ್.”

“ಕಾರಣ ಏನು? ಕಾರಣ ಇಲ್ಲದ ಯಾಂವ ಕೊಲ್ತಾನ?”

ಅದನ್ನು ಹುಡುಕಲು ಕೃಷ್ಣಕುಮಾರ್ ನಿಸರ್ಗಳ ಮನೆಯ ಕಡೆ ಬೈಕು ತಿರುಗಿಸಿದ.

* * *

ನಿಸರ್ಗ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನಡಿಗೆಯ ಪಟ್ಟಿಗಳೆಲ್ಲ ಅವಳ ಫೋನಿನಲ್ಲಿ. ಯಾರಿಗೆ ಯಾವ ಟೆಂಟು, ಯಾರಿಗೆ ಯಾವ ರೇನ್‌ಕೋಟು, ಎಲ್ಲಿ ನೀರು, ಎಲ್ಲಿ ಊಟ.

“ಜ್ಞಾನೇಶಣ್ಣನ ಚೀಲದಲ್ಲಿ ಮ್ಯಾಪ್ ಇಲ್ಲ ಅಂತಿದಾರೆ. ಹೊಸ ದಾರಿ ಗುರುತು ಹಾಕಿದ್ದು ಅದ್ರಲ್ಲೇ, ಕೃಷ್ಣಣ್ಣ. ನಾನೊಂದು ಫೋಟೋ ತೆಗೆದಿದ್ದೆ, ನೋಡು.”

ಎರಡನೇ ದಿನದ ದಾರಿ. ಮೊದಲು ಹಳ್ಳದ ಗುಂಟ ಇತ್ತು. ಬೇಸಿಗೆಯಲ್ಲಿ ಮರಳು ಬಿಟ್ಟರೆ ಏನೂ ಇರದ ಹಳ್ಳ ಈಗ ಎದೆಮಟ್ಟ ಹರಿಯುತ್ತಿತ್ತು. ಅದಕ್ಕೇ ಜ್ಞಾನೇಶ್ ಹಳೇ ಗೆರೆ ಹೊಡೆದು ಹಾಕಿ, ಕೆಂಪು ಪೆನ್ನಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಹೊಸ ಗೆರೆ ಎಳೆದಿದ್ದ. ಗೆರೆ ಹಳೇ ಮ್ಯಾಂಗನೀಸ್ ಗಣಿಯ ಗುಂಡಿಯೊಂದರ ಅಂಚಿನಲ್ಲೇ ಹಾದಿತ್ತು.

“ಈ ದಾರಿ ಬೇಡ ಅಂತ ಯಾರಾದ್ರೂ ಅಂದ್ರಾ? ನಾನು ಆಗ ಟೆಂಟು ಕಟ್ತಿದ್ದೆ.”

“ಮೋಕ್ಷಿತ್ ಅಂದ. ಅಲ್ಲಿ ಚಿರತೆ ಇದೆ ಅಂತ. ಜ್ಞಾನೇಶಣ್ಣ ನಕ್ಕುಬಿಟ್ಟ. ಹದಿನೆಂಟು ಜನ ಹಾಡು ಹೇಳ್ಕೊಂಡು ಹೋದ್ರೆ ಚಿರತೆನೇ ಊರು ಬಿಡುತ್ತೆ ಅಂದ.”

ಕೃಷ್ಣಕುಮಾರ್ ಆ ಗುಡ್ಡದಲ್ಲಿ ಹದಿನೈದು ವರ್ಷ ಕುರಿ ಕಾಯ್ದಿದ್ದ. ಒಂದು ಚಿರತೆಯನ್ನೂ ಕಂಡಿರಲಿಲ್ಲ.

ಚಿಕ್ಕಹನುಮಯ್ಯನನ್ನು ಹಿಂದೆ ಕೂರಿಸಿಕೊಂಡು ಬೈಕು ಓಡಿಸಿದ. ಗುಂಡಿಯ ಹತ್ತಿರ ಹೋಗುವ ಮೊದಲೇ ಮೂಗು ಕಟ್ಟಿತು. ಕೆಳಗೆ ನೂರಾರು ನೀಲಿ ಡ್ರಮ್ಮು. ಕೆಲವು ಒಡೆದು ಹಳದಿ ನೀರು ಸುರಿಯುತ್ತಿತ್ತು. ಮಳೆ ಆ ನೀರನ್ನು ತುಂಬಿಕೊಂಡು ಇಳಿಜಾರಿನಲ್ಲಿ ಹಟ್ಟಿಯ ಕಟ್ಟೆಯ ಕಡೆಗೆ ಹರಿಸುತ್ತಿತ್ತು. ಕೆಸರಿನ ತುಂಬ ಟಿಪ್ಪರಿನ ಚಕ್ರದ ಗುರುತು.

“ಹೋದ ತಿಂಗಳು ನಮ್ಮ ಹಟ್ಟಿಯ ಕಾಳಕ್ಕನ ಹನ್ನೊಂದು ಕುರಿ ಸತ್ವು,” ಎಂದ ಕೃಷ್ಣಕುಮಾರ್. “ಯಾವುದೋ ಸೊಪ್ಪು ತಿಂದವೆ ಅಂತ ದನದ ಡಾಕ್ಟ್ರು ಷರಾ ಬರೆದ್ರು. ಸೊಪ್ಪಂತೆ! ಇವನಜ್ಜಿ.”

“ಇದು ಕಾರಣ ಆಯ್ತು ಕಣಪ್ಪ,” ಎಂದ ಚಿಕ್ಕಹನುಮಯ್ಯ ಫೋಟೋ ತೆಗೆಯುತ್ತಾ. “ಸಾಕ್ಷಿ ಎಲ್ಲಿ? ಟಿಪ್ಪರ್ ನೂರು ಜನಕ್ಕಿವೆ.”

ಮತ್ತೆ ಹನಿ ಶುರುವಾಯಿತು. ಚಿಕ್ಕಹನುಮಯ್ಯ ಟೋಪಿಯನ್ನು ಮಳೆಗೆ ನೆನೆಯದಂತೆ ರೇನ್‌ಕೋಟಿನ ಒಳಗೆ, ಎದೆಗೆ ಅವಚಿಕೊಂಡ.

ಕೃಷ್ಣಕುಮಾರ್ ಅದನ್ನೇ ನೋಡಿದ. ನಿಸರ್ಗಳಿಗೆ ಫೋನ್ ಮಾಡಿದ.

* * *

ನಾಲ್ಕು ಗಂಟೆ. ಪರಮಶಿವಯ್ಯನವರ ಜಗಲಿ. ಪ್ರವಾಸ ರದ್ದಾಗಿದೆ, ರೇನ್‌ಕೋಟುಗಳನ್ನು ಅಂಗಡಿಗೆ ವಾಪಸು ಕೊಡಬೇಕು, ಎಲ್ಲರೂ ತನ್ನಿ ಎಂದು ನಿಸರ್ಗ ಮೆಸೇಜು ಹಾಕಿದ್ದಳು. ಮೋಕ್ಷಿತ್ ತಾನಾಗಿಯೇ ತಂದುಕೊಟ್ಟ. ಹಳದಿ ಬಣ್ಣ, ಫಳಫಳ ಹೊಳೆಯುತ್ತಿತ್ತು. ಕೊರಳಪಟ್ಟಿಯ ಒಳಗೆ ಜ್ಞಾನೇಶನ ಕೈಬರಹದಲ್ಲಿ ನಾಲ್ಕು ಎಂಬ ನಂಬರು.

“ಇದು ಯಾರದು?” ಎಂದರು ತೋಂಟದಾರ್ಯ.

“ನಂದೇ. ಪಟ್ಟಿ ನೋಡಿ ಬೇಕಾದ್ರೆ.”

“ಯಾವಾಗ ಕೊಟ್ರು?”

“ನಿನ್ನೆ ಮೀಟಿಂಗಲ್ಲಿ. ಪ್ಯಾಕೆಟ್ ಒಡೆದು ಕೊಟ್ರು.”

“ಅಟ್ಟ ಹತ್ತಿದ್ದೇನು ನಿನ್ನೆ?”

“ನಾನ್ಯಾಕೆ ಹತ್ಲಿ? ಹೊಗೆಗೆ ಮನೆಯೊಳಗೇ ಕೂರಕ್ಕಾಗ್ಲಿಲ್ಲ.”

ಕೃಷ್ಣಕುಮಾರ್ ಕೋಟನ್ನು ತೆಗೆದುಕೊಂಡು ಒಳಮೈ ಹೊರಗೆ ಮಾಡಿ ಹಗ್ಗದ ಮೇಲೆ ಹಾಕಿದ. ಎಡಗಡೆ, ಪಕ್ಕೆಯ ಹತ್ತಿರ, ಹಳದಿಯ ಮೇಲೆ ಕಪ್ಪಗೆ ದುಂಡನೆ ಮಸಿ. ಮಸಿಗೆ ಅಂಟಿಕೊಂಡು ಮಟ್ಟೆಯ ನಾಲ್ಕು ನಾರು.

“ಮಳೆ ಹೊರಗಡೆ ತೊಳೀತು ಮೋಕ್ಷಿ. ಒಳಗಡೆ ತೊಳೆಯೋದು ನಿನ್ನ ಕೆಲ್ಸ ಆಗಿತ್ತು,” ಎಂದ ಕೃಷ್ಣಕುಮಾರ್. “ಜ್ಞಾನೇಶ್ ದಾರಿ ಬದಲಾಯಿಸ್ದ. ಶನಿವಾರ ಬಿಟ್ಟು ಭಾನುವಾರ ಹದಿನೆಂಟು ಜನ ನೀನು ಕದ್ದು ಸುರಿದ ಫ್ಯಾಕ್ಟರಿ ವಿಷದ ಡ್ರಮ್ಮಿನ ಮುಂದೆ ಫೋನ್ ಹಿಡ್ಕೊಂಡು ನಿಂತಿರೋರು. ಚಿರತೆ ಅಂದೆ, ಅವನು ಹೆದರ್ಲಿಲ್ಲ. ಅವನು ಬೈಕಿನ ಕಡೆ ಹೊರಟಾಗ ಹಿಂದಿಂದ ಹೋಗಿ ಹೊಡೆದೆ. ಮ್ಯಾಪು ಕಿತ್ಕೊಂಡೆ. ಕಾಯಿ ಬಿದ್ದು ಸತ್ತ ಅಂತ ತೋರ್ಸಕ್ಕೆ ಒಂದು ಕಾಯಿ ಬೇಕಾಯ್ತು. ತೋಟದಲ್ಲಿ ಇರ್ಲಿಲ್ಲ. ವಾಪಸ್ ಬಂದು ಅಟ್ಟ ಹತ್ತಿದೆ. ದೊಡ್ಡಮ್ಮ ನೋಡ್ಬಾರ್ದು ಅಂತ ಕೋಟಿನೊಳಗೆ ಇಟ್ಕೊಂಡೆ. ಆಮೇಲೆ ನಮ್ಮಪ್ಪ ದೋಟಿಗೆ ಬಂದದ್ದು ನೆನಪಾಯ್ತು. ಪುಕ್ಕಟೆ ಸಿಕ್ಕಿದ ನೋಡು, ಬಡವ!”

“ದೊಡ್ಡಪ್ಪ, ಇವನ ಮಾತು ಕೇಳ್ಬೇಡಿ. ಕೋಟಿಗೆ ಎಲ್ಲೋ ಗ್ರೀಸು...”

ಪರಮಶಿವಯ್ಯ ಎದ್ದರು. ಕೋಟಿನ ಹತ್ತಿರ ಹೋಗಿ ಮೂಸಿದರು. “ಚಿಪ್ಪಿನ ಹೊಗೆ ಕಣೋ ಮೋಕ್ಷಿತ,” ಎಂದರು. ಆಮೇಲೆ ಅವನ ಮುಖ ನೋಡಲಿಲ್ಲ.

ಟಿಪ್ಪರಿನ ಸೀಟಿನಡಿ ಜಾಕ್ ರಾಡ್ ಸಿಕ್ಕಿತು. ಅದಕ್ಕೆ ಸುತ್ತಿದ್ದ ಬಟ್ಟೆಯೊಳಗೆ ನಾಲ್ಕು ಮಡಿಕೆಯ ಮ್ಯಾಪು. ಸುಡೋಣವೆಂದರೆ ಎಲ್ಲ ಕಡೆ ಒದ್ದೆ, ಒಣಗಲಿ ಎಂದು ಇಟ್ಟಿದ್ದೆ ಎಂದ ಮೋಕ್ಷಿತ್.

* * *

“ನಿಮ್ಮಪ್ಪನ್ನ ಕರಕೊಂಡು ಹೋಗಪಾ,” ಎಂದರು ತೋಂಟದಾರ್ಯ ಸ್ಟೇಷನ್ನಿನಲ್ಲಿ. “ತಪ್ಪು ತಿಳಕೊಂಡಿದ್ದೆ.”

ಕೃಷ್ಣಕುಮಾರ್ ಕದಲಲಿಲ್ಲ.

“ಬಾಯಲ್ಲಿ ಹೇಳಿದ್ದು ಸಾಲ್ದು ಸಾರ್. ಊರೆಲ್ಲ ನೋಡ್ದಂಗೆ ಜೀಪು ಹತ್ತಿಸಿದ್ರಿ. ನಮ್ಮಪ್ಪಂದು ಏನೂ ತಪ್ಪಿಲ್ಲ ಅಂತ ಬರೆದು ಸೀಲ್ ಹಾಕಿ ಕೊಡಿ. ತೋಟತೋಟಕ್ಕೂ ತೋರಿಸ್ಬೇಕು.”

“ಬುಡು ಮಗ, ಹೋಗನ,” ಎಂದು ಗೊಲ್ಲರಪ್ಪ ಮಗನ ತೋಳು ಎಳೆದ.

“ನೀನು ಸುಮ್ಕಿರಪ್ಪ.”

ತೋಂಟದಾರ್ಯ ಅವನ ಮುಖ ನೋಡಿದರು. ಕುರ್ಚಿ ಎಳೆದು ಕೂತು ಬರೆದರು. ಸೀಲು ಒತ್ತಿದರು. ಕೃಷ್ಣಕುಮಾರ್ ಕಾಗದ ತೆಗೆದುಕೊಂಡು ಓದತೊಡಗಿದ. ಬೆರಳಿಟ್ಟು, ಒಂದೊಂದೇ ಅಕ್ಷರ, ಒತ್ತಕ್ಷರ ಬಂದಲ್ಲಿ ನಿಂತು, ಜೋರಾಗಿ. ಹತ್ತು ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಇಡೀ ಸ್ಟೇಷನ್ನು ಕಾದಿತ್ತು. ಯಾರಿಗೂ ಬೇಗ ಓದು ಎನ್ನುವ ಧೈರ್ಯ ಬರಲಿಲ್ಲ.

ಮುಗಿಸಿ, ಕಾಗದವನ್ನು ಮತ್ತೆ ಮೇಜಿನ ಮೇಲೆ ಇಟ್ಟ. ಎರಡನೇ ಸಾಲಿನ ಮೇಲೆ ಬೆರಳು ಊರಿದ.

“ಇಲ್ಲಿ ಬರೀ ಗೊಲ್ಲರಪ್ಪ ಅಂತಿದೆ ಸಾರ್. ಹೆಸರಿಗೆ ಮೊದ್ಲು ಶ್ರೀ ಸೇರ್ಸಿ.”

ತೋಂಟದಾರ್ಯ ಪೆನ್ನಿನ ಕ್ಯಾಪು ಮತ್ತೆ ತೆಗೆದರು.