ಹೆಸರು ಮುಗಿಯುವಷ್ಟರಲ್ಲಿ

ಹಸಿರು ದೀಪ ಹೊತ್ತಿತು. ಗಾಜಿನಾಚೆ ಕುಳಿತಿದ್ದ ಫಕೀರಪ್ಪನ ಕೊರಳಿಗೂ ಗದ್ದಕ್ಕೂ ಅಂಟಿಸಿದ್ದ ಎಂಟು ಬಿಲ್ಲೆಗಳು ಸ್ನಾಯುಗಳ ಅಲುಗಾಟವನ್ನು ಹಿಡಿಯತೊಡಗಿದವು. ಎದುರಿನ ಮೈಕು ಅವನ ದನಿಯನ್ನು. ಎರಡೂ ‘ಧ್ವನಿಸಂಧಿ’ ಎಂಬ ಪೆಟ್ಟಿಗೆಯ ಮೂಲಕ ಕಂಪ್ಯೂಟರಿನ ಧ್ವನಿಮುದ್ರಣ ತಂತ್ರಾಂಶವನ್ನು ಸೇರುತ್ತಿದ್ದವು.

ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಳ್ಳುವವರಿಗೆ ಈಗ ‘ಮರುಕಂಠ’ವಿದೆ. ಅಂಗಿಯ ಗುಂಡಿಯಷ್ಟು ಚಿಕ್ಕ ಈ ಸಾಧನ ಕೊರಳಲ್ಲಿ ಕುಳಿತು, ಸ್ನಾಯುಗಳನ್ನು ಓದಿ, ರೋಗಿಯದೇ ದನಿಯಲ್ಲಿ ಮಾತಾಡುತ್ತದೆ. ಆದರೆ ಯಾವ ಅಲುಗಾಟಕ್ಕೆ ಯಾವ ದನಿ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಅದಕ್ಕೆ ಕಲಿಸಬೇಕು. ಸಾವಿರದಿನ್ನೂರು ವಾಕ್ಯಗಳ ಪಾಠ. ಅಲುಗಾಟವೂ ದನಿಯೂ ಕೂದಲೆಳೆಯಷ್ಟು ಹಿಂದುಮುಂದಾದರೂ ಅದು ತಪ್ಪು ಕಲಿಯುತ್ತದೆ.

ಫಕೀರಪ್ಪನಿಗೆ ಸೋಮವಾರ ಶಸ್ತ್ರಚಿಕಿತ್ಸೆ. ಅಂದು ಗುರುವಾರ. ಎರಡು ದಿನ ಕಳೆದರೂ ಆಗಿದ್ದು ನಲವತ್ತೇ ವಾಕ್ಯ. ಹುಬ್ಬಳ್ಳಿಯ ಅರ್ಧ ಊರಿನ ಗಡಿಯಾರ ರಿಪೇರಿ ಮಾಡಿದ ಆ ಮನುಷ್ಯನ ಮಾತು ಮಾತ್ರ ಹುಟ್ಟಿದಾಗಿನಿಂದ ತಡೆದು ತಡೆದು ಬರುತ್ತಿತ್ತು. ತೊದಲಿದ ವಾಕ್ಯವನ್ನು ತಂತ್ರಾಂಶ ಮುಲಾಜಿಲ್ಲದೆ ತಿರಸ್ಕರಿಸುತ್ತಿತ್ತು. ಮೊದಲ ದಿನ ಮೈಕು ಪರೀಕ್ಷಿಸಲು ಹೇಳಿಸಿದ ಹೆಂಡತಿಯ ಹೆಸರೇ ತಿರಸ್ಕಾರದ ಪಟ್ಟಿಯಲ್ಲಿ ಮೊದಲನೆಯದು.

“ಮಾವಿನ ಮರದ ಮೇಲೆ ಮಂಗ ಕುಳಿತಿದೆ,” ಎಂದ ಫಕೀರಪ್ಪ. ಸರಾಗವಾಗಿ! ಮುಂದಿನ ವಾಕ್ಯವೂ ಹಾಗೆಯೇ, ಅದರ ಮುಂದಿನದೂ.

ಹೆಂಡತಿ ಪಾರವ್ವ ಎದ್ದೇ ನಿಂತಳು. “ಅಯ್ಯ ನಮ್ಮವ್ವ! ಇವರು ಎಲ್ಲೂ ತಡೀಲಿಲ್ಲಲ್ರೀ ಮೇಡಂ!”

ಆದರೆ ಧ್ವನಿವಿಜ್ಞಾನಿ ಡಾ. ಸುಗುಣಾ ಬಾಳಿಗಾಳ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಹಸಿರು ದೀಪ ಕೆಂಪಾಗಿತ್ತು; ಅಲುಗಾಟಕ್ಕೂ ದನಿಗೂ ತಾಳ ತಪ್ಪಿತ್ತು. ಬೆಳಿಗ್ಗೆ ತಂತ್ರಾಂಶವನ್ನು ನವೀಕರಿಸಿದಾಗ ಹಳೆಯ ಹೊಂದಾಣಿಕೆಗಳೆಲ್ಲ ಅಳಿಸಿಹೋಗಿದ್ದವು. ಅವಳು ಗಾಜಿನ ಕೋಣೆಯೊಳಗೆ ಹೋಗಿ ವಿವರಿಸಿದಳು: “ಪೆಟ್ಟಿಗೆಗೊಂದು ಗಡಿಯಾರ, ತಂತ್ರಾಂಶಕ್ಕೊಂದು ಗಡಿಯಾರ. ಎರಡೂ ಬೇರೆ ಬೇರೆ ಓಡುತ್ತಿವೆ. ಜೊತೆಗೆ ಪೆಟ್ಟಿಗೆ ದನಿಯನ್ನು ದೊಡ್ಡ ದೊಡ್ಡ ಕಂತೆ ಕಟ್ಟಿ ಕಳಿಸುತ್ತಿದೆ. ಹಾಗಾಗಿ ನಿಮ್ಮ ಮಾತು ನಿಮ್ಮ ಹೆಡ್‌ಫೋನಿಗೇ ತಡವಾಗಿ ಬರುತ್ತಿದೆ.”

ಫಕೀರಪ್ಪ ಹೆಡ್‌ಫೋನ್ ತೆಗೆದು ನಕ್ಕ. “ಎ... ಎರಡು ಗಡಿಯಾರ ಇದ್ದ ಮನ್ಯಾಗ ಖ... ಖರೇ ಟೈಮ್ ಯಾರಿಗೂ ಗೊತ್ತಾಗೂದಿಲ್ರೀ. ಒಂದನ್ನ ಯ... ಯಜಮಾನ ಮಾಡ್ರಿ.”

ಸುಗುಣಾ ಅದನ್ನೇ ಮಾಡಿದಳು. ಪೆಟ್ಟಿಗೆಯ ಗಡಿಯಾರವನ್ನು ಯಜಮಾನನಾಗಿಸಿ ತಂತ್ರಾಂಶ ಅದನ್ನೇ ಅನುಸರಿಸುವಂತೆ ಮಾಡಿದಳು. ಕಂತೆಯನ್ನು ಚಿಕ್ಕದು ಮಾಡಿದಳು. ದೀಪ ಹಸಿರಾಯಿತು. ಫಕೀರಪ್ಪ ಬಾಯಿ ತೆರೆದ.

“ಮಾ... ಮಾ... ಮಾ...”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾರವ್ವ ಮತ್ತೆ ಕುಳಿತಳು. ಫಕೀರಪ್ಪ ತಲೆ ತಗ್ಗಿಸಿದ.

ಸುಗುಣಾ ಹಿಡಿದ ಕೆಲಸ ಬಿಡುವವಳಲ್ಲ. “ತೊದಲುವ ಕೆಲವರಿಗೆ ತಮ್ಮ ದನಿ ಸ್ವಲ್ಪ ತಡವಾಗಿ ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ನಿಮಗೂ ಹಾಗೇ ಆಗಿದೆ. ಹಾಗಿದ್ದರೆ ಧ್ವನಿಮುದ್ರಣ ಸರಿಸಮವಾಗಿಯೇ ನಡೆಯಲಿ. ನಿಮ್ಮ ಕಿವಿಗೆ ಮಾತ್ರ ಬೇಕೆಂದೇ ತಡಮಾಡಿ ಕಳಿಸುತ್ತೇನೆ.”

ಒಂದೇ ದನಿಗೆ ಎರಡು ದಾರಿ ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಐವತ್ತು ಮಿಲಿಸೆಕೆಂಡಿನ ತಡ ಸಾಲಲಿಲ್ಲ. ಎಪ್ಪತ್ತಕ್ಕೆ ಅರ್ಧಂಬರ್ಧ. ಶುಕ್ರವಾರ ಮಧ್ಯಾಹ್ನ ತೊಂಬತ್ತಕ್ಕೆ ತಂದಾಗ ದೀಪ ಹಸಿರಾಗಿಯೇ ಉಳಿಯಿತು, ಮಾತೂ ಹರಿಯಿತು. ಅವನ ಗಂಟಲು ಉರಿಯುತ್ತಿರುವುದನ್ನು ಕಂಡು ಅವಳು ಸಾಕು ಎಂದರೆ, “ನಿಲ್ಲಸಬ್ಯಾಡ್ರಿ ಮೇಡಂ, ಅರವತ್ತು ವರ್ಷಕ್ಕ ಈಗ ಮಾತು ಬಂದೈತಿ,” ಎಂದು ಅವನೇ ಹಟ ಹಿಡಿದ. ಭಾನುವಾರ ಸಂಜೆ ಸಾವಿರದಿನ್ನೂರನೆಯ ವಾಕ್ಯ ಮುಗಿದಾಗ ಮೂವರ ಕಣ್ಣೂ ತುಂಬಿತ್ತು.

ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ಸುಗುಣಾ ಅವನ ಮನೆಗೆ ಹೋದಳು. ಮರುಕಂಠ ಕಲಿತದ್ದು ಸರಾಗ ಮಾತನ್ನಷ್ಟೇ. ನಾಲಿಗೆ ತಡವರಿಸಿದರೂ ಅದು ತಡವರಿಸುತ್ತಿರಲಿಲ್ಲ. ಫಕೀರಪ್ಪ ಫೋನಿನಲ್ಲಿ ಯಾರೊಡನೆಯೋ ಗಡಿಯಾರದ ಸ್ಪ್ರಿಂಗಿನ ಬಗ್ಗೆ ಅರಳು ಹುರಿದಂತೆ ವಾದಿಸುತ್ತಿದ್ದ. ಅವಳಿಗೆ ಹೆಮ್ಮೆಯೆನಿಸಿತು.

“ಪಾರೂ, ಮೇಡಂ ಬಂದಾರ ನೋಡು,” ಎಂದು ಕೂಗಿದ. ಅಡುಗೆಮನೆಯಿಂದ ಉತ್ತರವಿಲ್ಲ. ಮತ್ತೆ ಕೂಗಿದ. ಉಹೂಂ. ಕೊನೆಗೆ ಸುಗುಣಾಳೇ ಕರೆದಾಗ ಪಾರವ್ವ ಗಾಬರಿಯಿಂದ ಹೊರಗೆ ಬಂದಳು.

“ತಪ್ಪು ತಿಳಕೋಬ್ಯಾಡ್ರಿ ಮೇಡಂ. ಯಾರೋ ರೇಡಿಯೋದಾಗ ಕರದಂಗ ಆಗ್ತೈತಿ. ನಲವತ್ತು ವರ್ಷ ಇವರು ‘ಪಾ’ ಅಂದ ಕೂಡ್ಲೇ ನಾ ಕೈ ಒರಸ್ಕೊಂಡು ಏಳಾಕಿ. ಹೆಸರು ಮುಗಿಯೂದ್ರಾಗ ಮುಂದ ನಿಂತಿರ್ತಿದ್ದೆ. ಈಗ ಹೆಸರು ಮುಗದ ಹೋಗಿರ್ತೈತಿ, ನಾ ಇನ್ನೂ ಒಲೀ ಮುಂದ ಇರ್ತೀನಿ.” ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು.

ಫಕೀರಪ್ಪ ಕುರ್ಚಿಯನ್ನು ಸುಗುಣಾಳ ಹತ್ತಿರ ಎಳೆದುಕೊಂಡ. ನಂತರ ಮೆಲ್ಲನೆ ಕೇಳಿದ: “ಮೊದಲ ದಿನ ಇಕಿ ಹೆಸರು ಹೇಳ್ಸಿದ್ರಲ್ಲ, ಅದು ಐತೇನ್ರಿ?”

“ಅಳಿಸಿಲ್ಲ. ಆದರೆ ಅದರಲ್ಲಿ ಮೂರು ಸಲ ತಡೆದಿದ್ದೀರಿ.”

“ಅದ ಬೇಕ್ರಿ. ಉಳದದ್ದೆಲ್ಲಾ ಹಿಂಗ ಇರಲಿ. ಆ ಹೆಸರೊಂದು ಹಳೇದ ಇರಲಿ.”

ಒಂದು ಮಿಲಿಸೆಕೆಂಡಿಗೂ ಜಗಳವಾಡಿದ್ದ ಸುಗುಣಾ ಲ್ಯಾಪ್‌ಟಾಪ್ ತೆರೆದು, ತಿರಸ್ಕೃತವಾಗಿದ್ದ ಆ ಹೆಸರನ್ನು ಮರುಕಂಠಕ್ಕೆ ಸೇರಿಸಿದಳು.

“ಪಾ... ಪಾ... ಪಾ...”

ಒಳಗೆ ನಲ್ಲಿ ನಿಂತಿತು.

“...ಪಾರೂ,” ಎನ್ನುವಷ್ಟರಲ್ಲಿ ಪಾರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದಳು.

“ಏನ್ರೀ?”

“ಏನಿಲ್ಲ,” ಎಂದ ಫಕೀರಪ್ಪ, ಎಲ್ಲೂ ತಡೆಯದೆ. “ಸುಮ್ನ ಕರದೆ.”